ಅಕ್ಕನ ಮೇಲ್ಸಾಲು

ಕಟ್ಟುಹಲ್ಲು ಮಾಡುವ ಅವನನ್ನು ಬೀದಿಯವರೆಲ್ಲ ಹಲ್ಲುಮೇಸ್ತ್ರಿ ಅಂತಲೇ ಕರೆಯುತ್ತಿದ್ದರು. ದಂತವೈದ್ಯೆಯ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಅವನ ಕೆಲಸ. ಇಪ್ಪತ್ತು ವರ್ಷದಲ್ಲಿ ಎಷ್ಟೋ ಬೊಚ್ಚುಬಾಯಿಗಳಿಗೆ ನಗು ಕೊಟ್ಟವನು. ಆ ದಿನ ಮಾತ್ರ ಮೇಣದಲ್ಲಿ ಕೂರಿಸಿದ ಹಲ್ಲನ್ನೇ ಮತ್ತೆ ಮತ್ತೆ ಕಿತ್ತು ಕೂರಿಸಿದ. ಅಚ್ಚು ಅವನ ಅಕ್ಕನ ಬಾಯಿಯದು.

ತಾಯಿ ಹೋದ ಮೇಲೆ ಅವನನ್ನು ಸಾಕಿದವಳು ಅವಳು. ಯಾರಿಗೂ ಜಗ್ಗದ ಹೆಂಗಸು, ಹಲ್ಲಿನ ಡಾಕ್ಟರ ಕುರ್ಚಿಗೆ ಮಾತ್ರ ಹೆದರುತ್ತಿದ್ದಳು. ಎರಡು ವರ್ಷದ ಹಿಂದೆ ಅವಳ ವಸಡಿನಲ್ಲಿ ರಕ್ತ ಕಂಡಾಗ ಅವನು ವೈದ್ಯೆಗೆ ಹೇಳಿದ್ದ. ಅವರು ಚೀಪುವ ಮಾತ್ರೆಯ ಡಬ್ಬಿ ಕೊಟ್ಟಿದ್ದರು.

"ಇದರಲ್ಲಿ ಒಳ್ಳೆ ಬ್ಯಾಕ್ಟೀರಿಯಾ ಇವೆ, ಕೆಟ್ಟವಕ್ಕೆ ಜಾಗ ಬಿಡಲ್ಲ. ಆದ್ರೆ ಮೊದಲು ಕರ್ಕೊಂಡು ಬನ್ನಿ, ಹಲ್ಲಿನ ಬುಡದಲ್ಲಿ ಗಾರೆ ಥರ ಗಟ್ಟಿಯಾಗಿರೋ ಕೊಳೆ ಕೆರೆದು ತೆಗೀಬೇಕು. ಕೊಳೆ ಹಾಗೇ ಇದ್ರೆ ಇವಾದ್ರೂ ಏನು ಮಾಡ್ತವೆ, ಪಾಪ."

ಮನೆಗೆ ಬಂದವನು ಅರ್ಧ ಮಾತು ನುಂಗಿದ. "ಅಕ್ಕಾ, ಇದರಲ್ಲಿ ಒಳ್ಳೆ ಹುಳ ಇವೆಯಂತೆ. ದಿನಾ ಒಂದು ಚೀಪು, ಸಾಕು."

"ಕುರ್ಚಿ ಮೇಲೆ ಕೂರೋದು ಬೇಡ್ವಾ?"

"ಈಗೇನೂ ಬೇಡ."

ಅಕ್ಕ ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ. ಬಾಯಿಯ ವಾಸನೆ ಕಡಿಮೆಯಾಯಿತು. "ನೀನು ತಂದ ಹುಳ ಒಳ್ಳೆ ಬಾಡಿಗೆದಾರರು ಕಣೋ, ಗಲಾಟೆನೇ ಇಲ್ಲ" ಎಂದು ನಗುತ್ತಿದ್ದಳು. ಗಾರೆಯ ಕೆಳಗೆ ಮೂಳೆ ಸದ್ದಿಲ್ಲದೆ ಸವೆಯುತ್ತಿತ್ತು. ಒಂದು ಬೆಳಿಗ್ಗೆ ಸೇಬು ಕಚ್ಚಿದಳು. ಮುಂದಿನ ಹಲ್ಲು ಸೇಬಿನಲ್ಲೇ ಉಳಿಯಿತು. ನೋಡಿದರೆ ಮೇಲ್ಸಾಲು ಪೂರ್ತಿ ಅಲ್ಲಾಡುತ್ತಿತ್ತು. ಎಲ್ಲವನ್ನೂ ಕೀಳಿಸಬೇಕಾಯಿತು.

ಹೊಸ ಸಾಲು ತೊಡಿಸಿದ ದಿನ ಅವನಿಗೆ ತಡೆಯಲಾಗಲಿಲ್ಲ. "ಕ್ಲೀನ್ ಮಾಡಿಸ್ಲೇಬೇಕು ಅಂತ ಡಾಕ್ಟ್ರು ಆಗ್ಲೇ ಹೇಳಿದ್ರು ಅಕ್ಕಾ. ನೀನು ಹೆದರ್ತೀಯ ಅಂತ ನಾನೇ ಬಾಯಿ ಬಿಡ್ಲಿಲ್ಲ."

ಅಕ್ಕ ಕನ್ನಡಿ ಕೆಳಗಿಟ್ಟಳು. ಬೈಯುತ್ತಾಳೆ ಎಂದು ಅವನು ತಲೆ ತಗ್ಗಿಸಿದ.

"ಹೇಳಿದ್ರೆ ಅಳ್ತಿದ್ದೆ, ನಿನ್ಮೇಲೆ ರೇಗ್ತಿದ್ದೆ." ಹೊಸ ಹಲ್ಲಿಗೆ ಮಾತು ತೊದಲುತ್ತಿತ್ತು. "ಆದ್ರೂ ಬರ್ತಿದ್ದೆ ಕಣೋ. ನೀನು ಪಕ್ಕದಲ್ಲಿ ನಿಂತಿದ್ರೆ ಬರ್ತಿದ್ದೆ."

ಎರಡೇಟು ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಮುಂದಿನ ವಾರ ಕೆಳಸಾಲನ್ನು ಕೆರೆಸಲು ಅವಳೇ ಬಂದಳು. ಅವನು ಕೋಣೆಯಿಂದ ಹೊರಬರುವಷ್ಟರಲ್ಲಿ ಕುರ್ಚಿಯ ಮೇಲೆ ಕೂತು, ಎರಡೂ ಕೈಯಲ್ಲಿ ಅದರ ತೋಳು ಹಿಡಿದು ಕಣ್ಣು ಮುಚ್ಚಿದ್ದಳು. ಅವನು ಬಾಗಿಲಲ್ಲೇ ನಿಂತ.

ಕೆಳಗಿನ ಹಲ್ಲು ಉಳಿದವು. ಅಕ್ಕ ಮಾತ್ರೆಯನ್ನೂ ಬಿಟ್ಟಿಲ್ಲ. ಆದರೆ ಡಬ್ಬಿ ಮುಗಿದಾಗ ಈಗ ತಮ್ಮನಿಗೆ ಹೇಳುವುದಿಲ್ಲ. ತಾನೇ ಹೋಗಿ ವೈದ್ಯೆಯನ್ನು ಕೇಳಿ ತರುತ್ತಾಳೆ.