ಪೆಟ್ಟಿಗೆ ಮುಚ್ಚುವ ಮೊದಲಿನ ಫೋಟೊ

ಹಳೇ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಕೂರಿಸುವ ಅಡಾಪ್ಟರ್ ಬಳೆ ಅರ್ಧ ತಿರುಗಿ ಸಿಕ್ಕಿಕೊಂಡಿತ್ತು. ಆಂಡ್ರಿಯಾ ದುಪಟ್ಟಾದಿಂದ ಹಿಡಿದು ಬಲವಾಗಿ ತಿರುಗಿಸಿದಳು. ಕಟಕ್ಕೆಂದು ಕೂತಿತು.

"ಇಗರ್ಜಿಯಿಂದ ಫಾದರ್ ಬಂದು ಹತ್ತು ನಿಮಿಷ ಆಯ್ತು," ಎಂದರು ಮ್ಯಾಕ್ಸಿಮ್ ಬಾಪ್ಪು, ಅವಳ ದೊಡ್ಡಪ್ಪ, ತೀರಿಹೋದ ಲ್ಯಾನ್ಸಿಯ ಅಣ್ಣ. "ಅಪ್ಪನ ಹತ್ತಿರ ಕೂರುವುದು ಬಿಟ್ಟು ಇವಳಿಗೆ ಎಂತ ಕ್ಯಾಮೆರಾ ಮಾರಾಯ್ರೆ?"

ಪಡೀಲಿನ ಮನೆಯಂಗಳದ ಶಾಮಿಯಾನದಡಿ ಲ್ಯಾನ್ಸಿ ಶವಪೆಟ್ಟಿಗೆಯೊಳಗೆ ಮಲಗಿದ್ದ. ಮುಚ್ಚಳ ಹಾಕುವ ಮೊದಲು ಮನೆಯವರೆಲ್ಲ ಸುತ್ತ ನಿಂತು ಒಂದು ಫೋಟೊ ತೆಗೆಸುವುದು ಅಲ್ಲಿನ ಕ್ರೈಸ್ತರಲ್ಲಿ ವಾಡಿಕೆ. ಬರಲಾಗದ ಗಲ್ಫಿನವರಿಗೆ ಕೊನೆಗೆ ಸಿಗುವುದು ಅದೊಂದೇ. ಮೂವತ್ತು ವರ್ಷ ಆ ಸುತ್ತಿನ ಸಾವಿನ ಮನೆಗಳಲ್ಲೆಲ್ಲ ಆ ಫೋಟೊ ತೆಗೆದವನು ಲ್ಯಾನ್ಸಿಯೇ. ಕ್ಯಾಮೆರಾ ನಾಲ್ಕು ಬಾರಿ ಬದಲಾಯಿತು, ಲೆನ್ಸ್ ಮಾತ್ರ ಒಂದೇ. ಕೈಯಲ್ಲೇ ತಿರುಗಿಸಿ ಫೋಕಸ್ ಮಾಡುವಂಥದ್ದು, ಅವನ ಮದುವೆಗಿಂತ ಹಳತು.

ಹಿಂದಿನ ಕುರ್ಚಿಯಲ್ಲಿ ಯಾರೋ ಪಿಸುಗುಟ್ಟಿದರು, "ನಿನ್ನೆಯಿಂದ ಒಂದು ಹನಿ ಕಣ್ಣೀರಿಲ್ಲ, ನೋಡಿ."

ಆಂಡ್ರಿಯಾಳಿಗೆ ಕೇಳಿಸಿತು. ಕೇಳಿಸದವಳಂತೆ ಟ್ರೈಪಾಡಿನ ಕಾಲು ಬಿಡಿಸಿದಳು.

*

ಐದು ವರ್ಷದ ಹಿಂದೆ ಇದೇ ಅಂಗಳದಲ್ಲಿ ಅಜ್ಜಿಯ ಪೆಟ್ಟಿಗೆ ಇತ್ತು. ಆಗಲೂ ಫೋಟೊ ತೆಗೆದದ್ದು ಪಪ್ಪನೇ. ಸ್ಟುಡಿಯೊದಲ್ಲಿ ಅವನ ಜೊತೆ ಕೆಲಸ ಮಾಡುವ ಬೋಳಾರದ ರಿತೇಶ್, "ನೀವು ಅಲ್ಲಿ ನಿಲ್ಲಿ ಸರ್, ನಾನು ತೆಗಿತೇನೆ," ಎಂದು ಗೋಗರೆದರೂ ಬಿಡಲಿಲ್ಲ.

ಲೆನ್ಸನ್ನು ಅತ್ತ ಒಮ್ಮೆ, ಇತ್ತ ಒಮ್ಮೆ ತಿರುಗಿಸುತ್ತಲೇ ಇದ್ದ. ಸ್ಕ್ರೀನಿನಲ್ಲಿ ಅಜ್ಜಿಯ ಮುಖ ಸ್ಪಷ್ಟವಾಗುವುದು, ಮತ್ತೆ ಮಸುಕಾಗುವುದು.

"ಪಪ್ಪಾ, ಸರಿಯಾಯ್ತಲ್ಲ," ಎಂದಳು ಆಂಡ್ರಿಯಾ.

"ಗೊತ್ತುಂಟು. ಇದನ್ನು ತಿರುಗಿಸುವಷ್ಟು ಹೊತ್ತು ನನಗೆ ಅಳು ಬರುವುದಿಲ್ಲ."

ಆಲ್ಬಮ್ ಬಂದಾಗ ನೆಂಟರೆಲ್ಲ ಕೇಳಿದ್ದು ಒಂದೇ ಪ್ರಶ್ನೆ, ಲ್ಯಾನ್ಸಿ ಎಲ್ಲಿ? ಅವನು ಆ ಪುಟದಲ್ಲಿ ಅಜ್ಜಿಯ ಪಕ್ಕದ ಜಾಗಕ್ಕೆ ಬೆರಳಿಟ್ಟ. "ಅಮ್ಮನ ಹತ್ತಿರ ನಾನೂ ನಿಲ್ಲಬೇಕಿತ್ತು ಮಗಳೇ," ಎಂದ.

*

ಈಗ ಆಂಡ್ರಿಯಾ ಸ್ಕ್ರೀನಿನಲ್ಲಿ ಪಪ್ಪನ ಮುಖವನ್ನು ದೊಡ್ಡದು ಮಾಡಿದಳು. ರೆಪ್ಪೆಯ ಒಂದೊಂದು ಕೂದಲೂ ಕಂಡಿತು. ತಿರುಗಿಸಿದಳು, ಮಸುಕಾಯಿತು. ವಾಪಸ್ಸು ತಂದಳು. ಕೈ ನಿಲ್ಲಲೊಲ್ಲದು. ನಿಂತರೆ ಅಲ್ಲಿಗೆ ಹೋಗಬೇಕು, ಹೋದರೆ ಅವನು ಸತ್ತದ್ದು ನಿಜವಾಗಿಬಿಡುತ್ತದೆ.

ಪೆಟ್ಟಿಗೆಯ ಪಕ್ಕದಿಂದ ಅವಳ ಅಮ್ಮ ಮಟಿಲ್ಡಾ ಕರೆದಳು. "ಆಂಡ್ರಿಯಾ, ಇಲ್ಲಿ ಬಾ. ನನ್ನ ಹತ್ತಿರ ನಿಲ್ಲು."

"ಈ ಲೆನ್ಸ್ ಬೇರೆಯವರಿಗೆ ಬರುವುದಿಲ್ಲ ಮಮ್ಮಿ."

"ನಿನ್ನ ಅಪ್ಪನೂ ಹೀಗೇ ಹೇಳಿದ್ದು. ಆಮೇಲೆ ಅವರು ಸಾಯುವವರೆಗೆ ಕೊರಗಿದ್ದನ್ನು ನಾನಲ್ಲವಾ ನೋಡಿದ್ದು?"

ಆಂಡ್ರಿಯಾ ಅಲ್ಲಾಡಲಿಲ್ಲ. ರಿತೇಶ್ ಹತ್ತಿರ ಬಂದ. ಅತ್ತತ್ತು ಅವನ ಮೂಗು ಕೆಂಪಾಗಿತ್ತು.

"ಅಕ್ಕ, ಇದೇನು ಹೊಸ ಲೆನ್ಸಾ, ನಾನು ಒತ್ತಿದ ಕೂಡಲೇ ತಾನೇ ತಿರುಗ್ಲಿಕ್ಕೆ? ನೀವು ಎಲ್ಲಿ ಇಟ್ರೆ ಅಲ್ಲೇ ನಿಲ್ತದೆ. ಫೋಕಸ್ ಮಾಡಿಟ್ಟು ಹೋಗಿ. ನಾನು ಮುಟ್ಟುವುದಿಲ್ಲ, ಬರೇ ಕ್ಲಿಕ್ ಮಾಡ್ತೇನೆ."

ಇನ್ನು ನೆಪ ಉಳಿಯಲಿಲ್ಲ. ಅವಳು ರೆಪ್ಪೆಗೆ ಫೋಕಸ್ ತಂದಳು. ಹಿಂದೆ ನಿಂತವರೂ ಸ್ಪಷ್ಟ ಬರಲೆಂದು ಲೆನ್ಸಿನ ಕಿಂಡಿ ಕಿರಿದು ಮಾಡುವ ಇನ್ನೊಂದು ಬಳೆಯನ್ನು ಎಂಟರ ಗುರುತಿಗೆ ತಂದು ಕೈ ತೆಗೆದಳು. ಅಂಗಳ ದಾಟಿದಳು. ಮಟಿಲ್ಡಾ ಸರಿದು ಜಾಗ ಬಿಟ್ಟಳು.

"ಎಲ್ಲರೂ ಇಲ್ಲಿ ನೋಡಿ," ಎಂದ ರಿತೇಶ್.

ಆಂಡ್ರಿಯಾ ಕೆಳಗೆ ನೋಡಿದಳು. ಬಟ್ಟೆ ತೊಡಿಸಿದವರು ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಬಿಟ್ಟಿದ್ದರು. ಬದುಕಿರುವಾಗ ಒಮ್ಮೆಯೂ ಹಾಕಿದವನಲ್ಲ, ಉಸಿರು ಕಟ್ಟುತ್ತದೆ ಎನ್ನುತ್ತಿದ್ದ. "ಅಯ್ಯೋ ಪಪ್ಪಾ," ಎಂದಳು. ನಿನ್ನೆಯಿಂದ ಎಲ್ಲಿತ್ತೋ, ಎದೆ ಒಡೆದು ಅಳು ಬಂತು.

ಕ್ಲಿಕ್ ಎಂದಿತು.

ಮ್ಯಾಕ್ಸಿಮ್ ಬಾಪ್ಪು ಹೋಗಿ ಸ್ಕ್ರೀನ್ ನೋಡಿದರು. "ಹುಡುಗಿಯ ಮುಖವೇ ಬರಲಿಲ್ಲವಲ್ಲ. ಇನ್ನೊಂದು ತೆಗಿ ರಿತೇಶ."

"ಬೇಡ," ಎಂದಳು ಮಟಿಲ್ಡಾ, ನೋಡದೆಯೇ.

ಚಿತ್ರದಲ್ಲಿ ಮನೆಯವರೆಲ್ಲ ನೆಟ್ಟಗೆ ಕ್ಯಾಮೆರಾ ನೋಡುತ್ತಿದ್ದರು. ನಡುವೆ ಒಂದು ತಲೆ ಮಾತ್ರ ಪೆಟ್ಟಿಗೆಯ ಮೇಲೆ ಬಾಗಿತ್ತು, ಕೂದಲು ಮುಖ ಮುಚ್ಚಿತ್ತು. ಅದರ ಕೆಳಗೆ ಎರಡು ಬೆರಳು ಲ್ಯಾನ್ಸಿಯ ಕೊರಳ ಗುಂಡಿಯನ್ನು ಬಿಚ್ಚುತ್ತಿದ್ದವು, ಗುಂಡಿಯ ದಾರವೂ ಎಣಿಸುವಷ್ಟು ಸ್ಪಷ್ಟವಾಗಿ.