ಹೆಡ್‌ಮಾಸ್ಟರ್ ಜಲಪಾತ

"ಅಳಿಸ್ರೀ ಇದನ್ನ! ಈಗಲೇ!"

ಹೆಡ್‌ಮಾಸ್ಟರರ ಬೆರಳು ಗೋಡೆಗೆ ಅಂಟಿಸಿದ್ದ ನಕ್ಷೆಯನ್ನು ಕುಟ್ಟುತ್ತಿತ್ತು. ಪರಿಸರದ ಮೇಡಂ ಕೈಯಲ್ಲಿ ರಬ್ಬರ್ ಇತ್ತು, ಕೈ ಮಾತ್ರ ಏಳಲಿಲ್ಲ. ಪಾಠ ನೋಡಿಯೇ ತೀರ್ಮಾನ ಮಾಡುತ್ತೇನೆಂದು ಹೆಡ್‌ಮಾಸ್ಟರರು ಬಂದಿದ್ದರು. ಹಿಡಿಸದಿದ್ದರೆ ಸೋಮವಾರದಿಂದ ಈ ಪೀರಿಯಡ್ಡು ಗಣಿತದ ಮೇಷ್ಟ್ರ ಪಾಲು. ಆ ಮಹಾರಾಯರಂತೂ ಸೀಮೆಸುಣ್ಣ ಹಿಡಿದು ವರಾಂಡದಲ್ಲೇ ಕಾಯುತ್ತಿದ್ದರು.

ಹೋದ ವಾರ ಮೇಡಂ ಈ ಪಾಠ ಶುರು ಮಾಡಿದ್ದೇ ಹಳೇ ಕಾಲದ ಅನ್ವೇಷಕರ ಕಥೆಯಿಂದ. ಹಡಗು ಹತ್ತಿ ಹೋದವರು, ನದಿಯ ಮೂಲ ಹುಡುಕುತ್ತಾ ಕಾಡು ಹೊಕ್ಕವರು, ಕಂಡ ಹಕ್ಕಿ, ಹುಲ್ಲು, ನೀರಿನ ಬಣ್ಣ ಎಲ್ಲವನ್ನೂ ಬರೆದಿಟ್ಟವರು. ಅವರು ಕಾಲಿಟ್ಟ ಮೇಲೆ ಆ ಕಾಡು ಏನಾಯಿತು, ಮೊದಲೇ ಅಲ್ಲಿದ್ದ ಜನ ಏನಾದರು ಎಂಬುದನ್ನೂ ಮುಚ್ಚಿಡಲಿಲ್ಲ. "ನಾವೂ ಹೋಗೋಣ ಮೇಡಂ" ಎಂದು ಮಕ್ಕಳು ದುಂಬಾಲು ಬಿದ್ದರು. ಸರಿ, ಊರಾಚೆಯ ಸೇತುವೆಯಿಂದ ತೊರೆಯ ಗುಂಟ ಸವಾರಿ ಹೊರಟಿತು. ಮೀನಿಲ್ಲದ ಮಡು, ಹಕ್ಕಿ ಕೂರದ ದಂಡೆ, ಒಂದನ್ನೂ ಬಿಡದೆ ಬರೆದುಕೊಂಡರು. ನೊರೆಯ ಜಾಡು ಹಿಡಿದು ಮೇಲಕ್ಕೆ ಹೋದರೆ ಸಿಕ್ಕಿದ್ದು ಅವರ ಶಾಲೆಯದೇ ಕಾಂಪೌಂಡು! ಅಡುಗೆಮನೆ, ಪ್ರಯೋಗಶಾಲೆಗಳ ಕೊಳಕೆಲ್ಲ ಒಂದು ಒಡೆದ ಕೊಳವೆಯಿಂದ ಧೋ ಎಂದು ತೊರೆಗೆ ಬೀಳುತ್ತಿತ್ತು.

ಕಂಡುಹಿಡಿದದ್ದಕ್ಕೆ ಹೆಸರಿಡಬೇಡವೇ? "ಅನ್ವೇಷಕರು ತಮ್ಮನ್ನ ಕಳಿಸಿದ ರಾಜನ ಹೆಸರು ಇಡ್ತಿದ್ರು" ಎಂದು ಮೇಡಂ ತಾವೇ ಹೇಳಿಕೊಟ್ಟಿದ್ದರು. ಮಕ್ಕಳು ಭಕ್ತಿಯಿಂದಲೇ ಇಟ್ಟರು: ಹೆಡ್‌ಮಾಸ್ಟರ್ ಜಲಪಾತ.

"ನನ್ನ ಮರ್ಯಾದೆ ಏನಾಗ್ಬೇಕು ಮೇಡಂ? ನೋಡಿದೋರು ನಗಲ್ವಾ?"

ಹೆಸರಿಟ್ಟ ಎರಡು ಜಡೆಯ ಹುಡುಗಿ ಎದ್ದು ನಿಂತಳು. "ಪರ್ಮಿಷನ್ ಕೊಟ್ಟು ಕಳಿಸಿದ್ದು ನೀವೇ ಅಲ್ವಾ ಸರ್? ಅದಕ್ಕೇ ನಿಮ್ಮ ಹೆಸರು. ಬೇಜಾರಾಯ್ತಾ?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮೇಡಂಗೆ ನಗು ಬರಲಿಲ್ಲ. ಈ ಪೀರಿಯಡ್ಡೆಂದರೆ ಅವರಿಗೆ ಪ್ರಾಣ.

"ನಾನು ಅಳಿಸಲ್ಲ ಸರ್."

"ಏನಂದ್ರಿ?"

"ಕೊಳವೆ ಅಲ್ಲಿರೋವರೆಗೂ ನಕ್ಷೇಲೂ ಇರ್ಬೇಕು. ಇರೋದನ್ನ ಇಲ್ಲ ಅಂತ ಬರೆಯೋಕೆ ಮಕ್ಕಳಿಗೆ ಹೇಗೆ ಕಲಿಸ್ಲಿ?"

"ಪೀರಿಯಡ್ ಕೈ ತಪ್ಪುತ್ತೆ. ಗೊತ್ತು ತಾನೆ?"

"ಗೊತ್ತು ಸರ್." ಮೇಡಂ ರಬ್ಬರ್ ಮುಂದೆ ಚಾಚಿದರು. "ಪೆನ್ಸಿಲಲ್ಲೇ ಬರೆದಿದೆ. ಅಳಿಸೋದಾದ್ರೆ ನೀವೇ ಅಳಿಸಿ."

ಹೆಡ್‌ಮಾಸ್ಟರರು ರಬ್ಬರ್ ಕಸಿದುಕೊಂಡು ನಕ್ಷೆಗೆ ಮುಖ ಹತ್ತಿರ ತಂದರು. ತಮ್ಮ ಹೆಸರಿನ ಕೆಳಗೆ ಗುಂಡಗಿನ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ಇದರಿಂದ ಮೇಲಕ್ಕೆ ತೊರೆಯಲ್ಲಿ ಕಪ್ಪೆಗಳಿವೆ. ಕೆಳಗೆ ಒಂದೂ ಇಲ್ಲ.

ರಬ್ಬರ್ ಹಿಡಿದ ಕೈ ಅಲ್ಲೇ ನಿಂತಿತು.

"ಎಲ್ಲಿದೆ ಇದು?"

"ನಿಮ್ಮ ರೂಮಿನ ಕಿಟಕಿ ಕೆಳಗೇ ಸರ್" ಎಂದಳು ಹುಡುಗಿ. "ಕಿಟಕಿ ಯಾವಾಗ್ಲೂ ಮುಚ್ಚಿರುತ್ತಲ್ಲ."

ಅವರು ರಬ್ಬರನ್ನು ಜೇಬಿಗೆ ಹಾಕಿಕೊಂಡು, "ಬಾ, ತೋರಿಸು" ಎಂದು ಹೊರಟರು. ಗಣಿತದ ಮೇಷ್ಟ್ರು ವರಾಂಡದಲ್ಲಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಮೇಡಂ ಕ್ಲಾಸಿನ ಕಿಟಕಿಯ ಬಳಿ ಹೋಗಿ ನಿಂತರು. ಹೆಡ್‌ಮಾಸ್ಟರರು ಪ್ಯಾಂಟನ್ನು ಮೊಣಕಾಲವರೆಗೆ ಮಡಚಿ, ಮೂಗಿಗೆ ಕರವಸ್ತ್ರ ಹಿಡಿದು, ಎರಡು ಜಡೆಗಳ ಹಿಂದೆ ಒಂದೊಂದೇ ಹೆಜ್ಜೆ ಊರುತ್ತಾ ತೊರೆಗೆ ಇಳಿಯುತ್ತಿದ್ದರು.