ಹಿಟ್ಟಿನ ಡಬ್ಬ

ನನ್ನ ಮಾವ ನಿವೃತ್ತ ಬ್ಯಾಂಕ್ ಮ್ಯಾನೇಜರ್. ಕುರ್ಚಿ ಬಿಟ್ಟು ಎಷ್ಟೋ ವರ್ಷವಾದರೂ ಗತ್ತು ಬಿಟ್ಟಿಲ್ಲ. ಯಾರು ಮನೆಗೆ ಬಂದರೂ ಅದೇ ಪುರಾಣ.

“ನಮ್ಮ ಕಾಲದಲ್ಲಿ ಸಾಲ ಕೊಡೋಕೆ ಕಂಪ್ಯೂಟರ್ ಬೇಕಿರಲಿಲ್ಲ. ಹೇಳದೆ ಕೇಳದೆ ಅಡುಗೆಮನೆಗೆ ನುಗ್ಗಿ ಹಿಟ್ಟಿನ ಡಬ್ಬ ತೆಗೀತಿದ್ದೆ. ಮನೆ ಆರ್ಥಿಕತೆ ಅಲ್ಲೇ ಇರುತ್ತೆ. ದೇಶದ್ದೂ ಅಷ್ಟೇ!”

ಬಂದವರು ತಲೆದೂಗುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಅವರು ನುಗ್ಗಿದ ಮನೆಗಳಲ್ಲಿ ನಮ್ಮದೂ ಒಂದು. ಅಪ್ಪ ತೀರಿಕೊಂಡ ವರ್ಷ ಅಮ್ಮ ಹೊಲಿಗೆ ಯಂತ್ರಕ್ಕೆ ಸಾಲ ಕೇಳಿದ್ದಳು. ಮ್ಯಾನೇಜರ್ ಬರುತ್ತಾರೆಂದು ಬ್ಯಾಂಕಿನ ಜವಾನ ಸುಳಿವು ಕೊಟ್ಟಿದ್ದ. ಮಾನ ಹೋಗಬಾರದೆಂದು ಅಮ್ಮ ಪಕ್ಕದ ಮನೆಯಿಂದ ಹಿಟ್ಟು ಕಡ ತಂದು ಡಬ್ಬ ತುಂಬಿಸಿಟ್ಟಳು. ಅವರು ಮುಚ್ಚಳ ತೆಗೆದು, “ಹೊಟ್ಟೆ ತುಂಬಿದವರಿಗೆ ಸಾಲ ಯಾಕಮ್ಮ?” ಎಂದು ಹೊರಟೇಬಿಟ್ಟರು. ಅಮ್ಮ ಕಂಡವರ ಮನೆ ಪಾತ್ರೆ ತಿಕ್ಕಿ ನಮ್ಮನ್ನು ಸಾಕಿದಳು. ನಾನು ಸೊಸೆಯಾಗಿ ಬಂದಾಗ ಮಹಾಶಯರಿಗೆ ಇದೊಂದೂ ನೆನಪಿರಲಿಲ್ಲ. ಹಳೆಯದನ್ನು ಕೆದಕಬೇಡ ಎಂದು ಅಮ್ಮ ನನ್ನ ಬಾಯಿ ಮುಚ್ಚಿಸಿದ್ದಳು.

ಈಗ ತಮ್ಮನಿಗೆ ವೆಲ್ಡಿಂಗ್ ಅಂಗಡಿ ಹಾಕಲು ಸಾಲ ಬೇಕಿತ್ತು. ಬ್ಯಾಂಕು ಜಾಮೀನು ಕೇಳಿತು. ಮಾವನ ಒಂದು ಸಹಿ ಸಾಕು.

“ಸಹಿ ಏನು ಪುಕ್ಕಟೆ ಬರುತ್ತಾ? ನಿಮ್ಮಮ್ಮನ ಮನೆ ನೋಡಿ ಹಾಕ್ತೀನಿ,” ಎಂದರು.

ಅವರು ಬರುವ ದಿನ ನಾನು ಮೊದಲೇ ತವರಿಗೆ ಹೋದೆ. ಅಮ್ಮ ಪಾತ್ರೆ ಹಿಡಿದು ಪಕ್ಕದ ಮನೆಗೆ ಹೊರಟಿದ್ದಳು. ಅಡ್ಡ ನಿಂತೆ.

“ಬೇಡಮ್ಮ. ಇರೋದನ್ನೇ ನೋಡಲಿ.”

ಮಾವ ಬಂದವರೇ ನನ್ನ ತಮ್ಮ ಕೊಟ್ಟ ಸಾಲದ ಅರ್ಜಿ ಹಿಡಿದು ನೆಟ್ಟಗೆ ಅಡುಗೆಮನೆಗೆ ನಡೆದರು. ಡಬ್ಬದ ತಳದಲ್ಲಿ ಎರಡು ಹಿಡಿ ಹಿಟ್ಟಿತ್ತು. “ತಿನ್ನೋಕೇ ಗತಿಯಿಲ್ಲ, ಸಾಲ ತೀರಿಸೋದು ಹೇಗೆ?” ಎಂದರು.

ನಾನು ತಡೆಯಲಾರದೆ ಕೂಗಿದೆ. “ಆವತ್ತು ಅಮ್ಮ ಹೊಲಿಗೆ ಯಂತ್ರಕ್ಕೆ ಸಾಲ ಕೇಳಿದಾಗ ಇದೇ ಡಬ್ಬ ತುಂಬಿತ್ತು. ಆಗಲೂ ಇಲ್ಲ ಅಂದ್ರಿ. ಎಷ್ಟಿರಬೇಕು ಮಾವ? ಗೆರೆ ಎಳೆದು ತೋರಿಸಿ!”

ಅವರು ಅಮ್ಮನ ಮುಖವನ್ನು ದಿಟ್ಟಿಸಿದರು. ಗುರುತು ಸಿಕ್ಕಿತು. ಆದರೂ ಜಂಬ ಎಲ್ಲಿ ಹೋಗುತ್ತದೆ?

“ಅರ್ಧ ಇರಬೇಕು. ನಮ್ಮ ಕಾಲದಲ್ಲಿ ಅದೇ ಲೆಕ್ಕ,” ಎಂದರು.

ನನ್ನ ತಮ್ಮ ಅವರ ಕೈಯಿಂದ ಅರ್ಜಿ ಕಿತ್ತುಕೊಂಡ. ಅಮ್ಮ ತಡೆಯಲಿಲ್ಲ. ಅವರು ಹೊಸ್ತಿಲು ದಾಟುವಾಗ ಮಾತ್ರ ಕರೆದಳು.

“ಬೀಗರೇ, ಡಬ್ಬ ಮುಚ್ಚಿ ಹೋಗಿ. ಆವತ್ತೂ ಹೀಗೇ ತೆರೆದಿಟ್ಟು ಹೋದ್ರಿ. ಪಕ್ಕದವರ ಹಿಟ್ಟದು, ಇಲಿ ಬಾಯಿ ಹಾಕ್ತು. ವರ್ಷ ಹಿಡೀತು ನನಗೆ. ಹಿಡಿ ಹಿಡಿಯಾಗಿ ಪೂರ್ತಿ ತೀರಿಸಿದೆ.”